ಆರು ವರ್ಷದ ಮಗಳಿಗೆ ಎಂಆರ್‌ಐ ಇದೆ, ಅವಳಿಗೆ ಮುಂಚೆಯೇ ಹೇಳಬೇಕಾ?

ನೀವು ಕೇಳಿರುವುದು ಇಷ್ಟು: ಮಗಳಿಗೆ ಎರಡು ಸಲ ಫಿಟ್ಸ್ ಬಂದಿದೆ, ಡಾಕ್ಟರ್ ತಲೆಯ ಎಂಆರ್‌ಐ ಬರೆದಿದ್ದಾರೆ, ಮುಂದಿನ ವಾರ ಸ್ಕ್ಯಾನ್. ಹೇಳಿದರೆ ಹೆದರುತ್ತಾಳೆ, ಹಾಗಾಗಿ ಅಲ್ಲಿಗೆ ಹೋದ ಮೇಲೆ ಹೇಳೋಣ ಅಂತ ಮನೆಯವರ ಅಭಿಪ್ರಾಯ. ನಿಮಗೆ ಅದು ಸರಿ ಅನ್ನಿಸುತ್ತಿಲ್ಲ.

ನಿಮಗೆ ಅನ್ನಿಸಿದ್ದೇ ಸರಿ. ನಾನು ಎಂಆರ್‌ಐ ಟೆಕ್ನಿಷಿಯನ್. "ಏನೂ ಇಲ್ಲ ಪುಟ್ಟಿ, ಸುಮ್ನೆ ಒಂದು ಫೋಟೋ ತೆಗೀತಾರೆ" ಅಂತ ಕರೆದುಕೊಂಡು ಬಂದ ಮಕ್ಕಳೇ ನಮ್ಮ ಟೇಬಲ್ಲಿನಿಂದ ಎದ್ದು ಓಡುವುದು ಜಾಸ್ತಿ. ಪಾಪ, ಅದು ಒಂದು ಕ್ಲಿಕ್‌ಗೆ ಕಾಯುತ್ತಾ ಮಲಗಿರುತ್ತದೆ. ಆಗ ಢಗ್ ಢಗ್ ಢಗ್ ಅಂತ ಶುರುವಾಗುತ್ತದೆ. ಅಲ್ಲಿಂದಾಚೆಗೆ ಅಮ್ಮ ಹೇಳಿದ್ದನ್ನೂ ನಂಬುವುದಿಲ್ಲ, ನಾನು ಹೇಳಿದ್ದನ್ನೂ ನಂಬುವುದಿಲ್ಲ. ಹಾಗಂತ ಇವತ್ತೇ ಹೇಳಿ ವಾರವಿಡೀ ಅದನ್ನೇ ಯೋಚಿಸುವ ಹಾಗೆ ಮಾಡಬೇಡಿ. ಎರಡು-ಮೂರು ದಿನ ಮುಂಚೆ ಹೇಳಿದರೆ ಸಾಕು. ಅಭ್ಯಾಸಕ್ಕೂ ಅಷ್ಟು ಸಮಯ ಬೇಕು.

ಮೊದಲು ಸದ್ದು. ಮಷೀನಿನ ಒಳಗಿನ ಕಾಯಿಲ್‌ಗಳಲ್ಲಿ, ಅಂದರೆ ತಂತಿ ಸುರುಳಿಗಳಲ್ಲಿ, ಕರೆಂಟು ಬಹಳ ಬೇಗ ಬೇಗ ಬದಲಾಗುತ್ತಿರುತ್ತದೆ. ಸುತ್ತ ದೊಡ್ಡ ಅಯಸ್ಕಾಂತ ಇರುವುದರಿಂದ ಅವು ಅದುರುತ್ತವೆ. ಸದ್ದು ಬರುವುದು ಅದರಿಂದ. 100 ಡೆಸಿಬಲ್ ದಾಟುವುದೂ ಇದೆ, ಅದಕ್ಕೇ ಕಿವಿಗೆ ಪ್ಲಗ್ ಅಥವಾ ಹೆಡ್‌ಫೋನ್ ಹಾಕುತ್ತೇವೆ. ಯೂಟ್ಯೂಬ್‌ನಲ್ಲಿ ಎಂಆರ್‌ಐ ಸೌಂಡ್ ಅಂತ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಮೊದಲು ಸಣ್ಣಗೆ ಹಾಕಿ, ಆಮೇಲೆ ಜೋರು ಮಾಡಿ. ಸದ್ದು ಒಂದೇ ತರಹ ಇರುವುದಿಲ್ಲ, ಒಂದು ಮುಗಿದ ಮೇಲೆ ಇನ್ನೊಂದು. ಒಂದೊಂದಕ್ಕೂ ಅವಳೇ ಹೆಸರಿಡಲಿ. ಹಾಗೆ ಹೆಸರಿಟ್ಟುಕೊಂಡು ಬಂದ ಒಬ್ಬ ಹುಡುಗ ಸ್ಕ್ಯಾನ್ ಮುಗಿದ ತಕ್ಷಣ ನನ್ನ ಮೇಲೇ ಜಗಳಕ್ಕೆ ಬಂದ: "ಮರಕುಟಿಗ ಬಂತು, ಕುದುರೆ ಯಾಕೆ ಬರಲಿಲ್ಲ?"

ಎರಡನೆಯದು ಅಲ್ಲಾಡದೆ ಮಲಗುವುದು. ಎಂಆರ್‌ಐ ಚಿತ್ರ ಒಂದು ಕ್ಷಣದಲ್ಲಿ ಬರುವಂಥದ್ದಲ್ಲ, ಕೆಲವು ನಿಮಿಷ ಮಾಹಿತಿ ಸೇರಿಸಿಕೊಂಡು ತಯಾರಾಗುತ್ತದೆ. ಮೂರು ನಿಮಿಷ ಸುಮ್ಮನಿದ್ದು ನಾಲ್ಕನೇ ನಿಮಿಷದಲ್ಲಿ ತಲೆ ತಿರುಗಿಸಿದರೂ ಆ ಇಡೀ ಚಿತ್ರ ಮಸುಕು. ಮತ್ತೆ ಮೊದಲಿಂದ. ಇದಕ್ಕೆ ಮಕ್ಕಳ 'ಸ್ಟ್ಯಾಚೂ' ಆಟಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಡೈನಿಂಗ್ ಟೇಬಲ್ ಕೆಳಗೆ ಚಾಪೆ ಹಾಸಿ, ತಲೆಯ ಎರಡೂ ಪಕ್ಕಕ್ಕೆ ಟವೆಲ್ ಸುತ್ತಿಟ್ಟು ಅಂಗಾತ ಮಲಗಿಸಿ. ಸದ್ದು ಹಾಕಿ 'ಸ್ಟ್ಯಾಚೂ' ಅನ್ನಿ. ಮೊದಲು ಒಂದು ನಿಮಿಷ, ಆಮೇಲೆ ಐದರವರೆಗೆ. ಸದ್ದು ನಿಂತಾಗ ಉಗುಳು ನುಂಗಬಹುದು, ಕೆಮ್ಮಬಹುದು, ಆದರೆ ತಲೆ ಇದ್ದ ಜಾಗದಲ್ಲೇ ಇರಬೇಕು. ಉಸಿರು ಬಿಗಿ ಹಿಡಿಯುವುದು ಬೇಡ ಅಂತಲೂ ಹೇಳಿ. ಕೆಲವು ಮಕ್ಕಳು ಸ್ಟ್ಯಾಚೂ ಅಂದರೆ ಉಸಿರನ್ನೂ ನಿಲ್ಲಿಸಿಬಿಡುತ್ತವೆ! ಒಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯಬಹುದು. "ಐದೇ ನಿಮಿಷ" ಅಂತ ಸುಳ್ಳು ಹೇಳಬೇಡಿ.

ತಲೆಯ ಮೇಲೆ ಒಂದು ಕಾಯಿಲ್ ಕೂರಿಸುತ್ತೇವೆ, ಮುಖದ ಮುಂದೆ ಕಂಬಿ ಇರುವ ಕ್ರಿಕೆಟ್ ಹೆಲ್ಮೆಟ್ ತರಹ ಇರುತ್ತದೆ. ಅದನ್ನೂ ಮೊದಲೇ ಹೇಳಿಡಿ. ಕೈಗೆ ಒಂದು ರಬ್ಬರ್ ಬಲ್ಬ್ ಕೊಡುತ್ತೇವೆ, ಒತ್ತಿದರೆ ನಮಗೆ ಬೆಲ್ ಕೇಳುತ್ತದೆ. ನೀವೂ ಒಳಗೆ ಇರಬಹುದಾ ಅಂತ ಕೇಳಿ, ಬಹಳ ಕಡೆ ಬಿಡುತ್ತಾರೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳಲ್ಲಿ ಇರುವಂಥ ವಿಕಿರಣ ಎಂಆರ್‌ಐನಲ್ಲಿ ಇಲ್ಲ. ನೀವು ಗರ್ಭಿಣಿಯಾಗಿದ್ದರೆ ಮಾತ್ರ ಮೊದಲೇ ಹೇಳಿ. ಮಗಳ ತಲೆ ಮಷೀನಿನ ಸುರಂಗದೊಳಗೆ ಹೋದರೂ ಕಾಲು ಹೊರಗಡೆಯೇ ಇರುತ್ತದೆ. ಅವಳ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಕೂತರೆ ಸಾಕು, ಅಮ್ಮ ಇದ್ದಾಳೆ ಅಂತ ಗೊತ್ತಾಗುತ್ತಿರುತ್ತದೆ. ಮಾತಾಡಿಸಲು ಹೋಗಬೇಡಿ, ಉತ್ತರ ಕೊಡಲು ತಲೆ ಎತ್ತುತ್ತಾರೆ. ಅಳುವ ಅಜ್ಜಿಯರಿದ್ದರೆ ಅವರನ್ನು ಕಾಫಿಗೆ ಕಳಿಸಿ. ತಮಾಷೆಗೆ ಹೇಳುತ್ತಿಲ್ಲ.

ಲೋಹದ ವಿಷಯ ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ನಮ್ಮ ಮಕ್ಕಳ ಮೈಮೇಲೆ ಎಷ್ಟು ಇರುತ್ತದೆ ಅಂದರೆ, ಓಲೆ, ಬಳೆ, ಗೆಜ್ಜೆ, ಹೇರ್‌ಪಿನ್, ದೃಷ್ಟಿಗೆ ಕಟ್ಟಿದ ತಾಯಿತ. ಎಲ್ಲಕ್ಕಿಂತ ಕಷ್ಟ ಬೆಳ್ಳಿ ಉಡಿದಾರದ್ದು. ಎಣ್ಣೆ, ನೀರು ಕುಡಿದು ಗಂಟು ಕಲ್ಲಾಗಿರುತ್ತದೆ. ಬಾಗಿಲ ಹತ್ತಿರ ಅದನ್ನು ಉಗುರಿನಲ್ಲಿ ಕೀಳುತ್ತಾ ನಿಂತರೆ, ಸಮಾಧಾನವಾಗಿದ್ದ ಮಗುವೂ ಅಳಲು ಶುರು ಮಾಡುತ್ತದೆ. ಚಿನ್ನ, ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೂ ಬಿಸಿಯಾಗಬಹುದು, ಚಿತ್ರವೂ ಕೆಡಬಹುದು. ಜರಿ ಬಟ್ಟೆ ಬೇಡ. ಕಾಡಿಗೆಯನ್ನೂ ಆ ದಿನ ಹಚ್ಚಬೇಡಿ. ಮೈಯೊಳಗೆ ಶಂಟ್ (ತಲೆಯ ನೀರು ಇಳಿಸಲು ಹಾಕುವ ಕೊಳವೆ), ಪ್ಲೇಟು, ಕಿವಿಯ ಇಂಪ್ಲಾಂಟ್ ಏನಾದರೂ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಬೇಕು. ಒಳಗೆ ಬರುವ ನಿಮಗೂ ಇದೇ ನಿಯಮ: ತಾಳಿ, ಕಾಲುಂಗುರ, ಮೊಬೈಲ್, ಎಟಿಎಂ ಕಾರ್ಡ್ ಎಲ್ಲ ಹೊರಗೆ. ಸ್ಕ್ಯಾನ್ ನಡೆಯದಿದ್ದಾಗಲೂ ಅಯಸ್ಕಾಂತ ಆನ್ ಆಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋದವರು ಜೀವವನ್ನೇ ಕಳೆದುಕೊಂಡರು. ನಾವು ಬಾಗಿಲಲ್ಲಿ ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ.

ಕಾಂಟ್ರಾಸ್ಟ್, ಅಂದರೆ ಚಿತ್ರ ಇನ್ನೂ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ, ಇದೆಯಾ ಅಂತ ಡಾಕ್ಟರನ್ನು ಕೇಳಿ. ಇದ್ದರೆ ಕೈಗೆ ಸೂಜಿ ಹಾಕಲೇಬೇಕು. ನೋವೇ ಆಗಲ್ಲ ಅನ್ನಬೇಡಿ, ಸ್ವಲ್ಪ ನೋಯುತ್ತದೆ, ಬೇಗ ಹೋಗುತ್ತದೆ ಅನ್ನಿ. ಮರಗಟ್ಟಿಸುವ ಕ್ರೀಮ್ ಸಿಗುತ್ತದೆ. ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಅದನ್ನೂ ವಿಚಾರಿಸಿ.

ಆರು ವರ್ಷದವರು ಚೆನ್ನಾಗಿ ಅಭ್ಯಾಸ ಮಾಡಿದ್ದರೆ ಎಷ್ಟೋ ಸಲ ಎಚ್ಚರದಲ್ಲೇ ಸ್ಕ್ಯಾನ್ ಮುಗಿಸುತ್ತಾರೆ. ಆಗದಿದ್ದರೆ ನಿದ್ದೆಯ ಔಷಧಿ ಕೊಟ್ಟು ಮಾಡಬೇಕಾಗುತ್ತದೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯವಾಗಿ ಊಟ, ತಿಂಡಿ, ಹಸುವಿನ ಹಾಲು 6 ಗಂಟೆ ಮುಂಚೆ ನಿಲ್ಲಿಸಬೇಕು. ಬರೀ ನೀರನ್ನು ಎಷ್ಟು ಹೊತ್ತಿನವರೆಗೆ ಕೊಡಬಹುದು ಅಂತ ನಿಮ್ಮ ಆಸ್ಪತ್ರೆಯವರೇ ಹೇಳುತ್ತಾರೆ. "ಹಸಿವು ತಡೆಯಲ್ಲ, ಒಂದೇ ಒಂದು ಬಿಸ್ಕತ್ತು" ಅಂತ ಕೊಟ್ಟು ಮುಚ್ಚಿಡುವುದು ಅಪಾಯ. ನಿದ್ದೆಯಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದು. ಕೊಟ್ಟಿದ್ದರೆ ಹೇಳಿಬಿಡಿ, ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ ಅಷ್ಟೆ. ನೆಗಡಿ, ಕೆಮ್ಮು, ಜ್ವರ ಇದ್ದರೂ ಹೇಳಿ. ನಿದ್ದೆ ಸಿರಪ್ಪನ್ನು ಮನೆಯಲ್ಲಿ ಅಥವಾ ಕಾರಿನಲ್ಲಿ ಕೊಡಲೇಬೇಡಿ. ಕೊಟ್ಟ ಮೇಲೆ ಉಸಿರಾಟ ನೋಡಿಕೊಳ್ಳಲು ಜನ, ಸಲಕರಣೆ ಬೇಕು.

ಇನ್ನು ಫಿಟ್ಸ್ ಮಾತ್ರೆ. ಉಪವಾಸ ಅಂತ ಅದನ್ನು ನೀವಾಗಿಯೇ ತಪ್ಪಿಸಬೇಡಿ. ಬೆಳಗಿನ ಡೋಸ್ ಯಾವಾಗ, ಹೇಗೆ ಕೊಡಬೇಕು ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ಸಾಧ್ಯವಾದರೆ ಇವತ್ತೇ.