ಪುಣೆಯಲ್ಲಿ ಲೈಸೆನ್ಸ್ ಇಲ್ಲದೆ ಎಲೆಕ್ಟ್ರಿಕ್ ಸ್ಕೂಟರ್ ಓಡಿಸಬಹುದೇ?

ಕೆಲವನ್ನು ಮಾತ್ರ. ಮೋಟಾರು ಸತತ 30 ನಿಮಿಷ ಕೊಡಬಲ್ಲ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಈ ಮೂರೂ ಇದ್ದರೆ ಕೇಂದ್ರದ ನಿಯಮದಂತೆ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್, ನೋಂದಣಿ ಬೇಡ. ಅಂಗಡಿಯವರ ಬಾಯಿಮಾತು ಸಾಲದು, ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ.

ಇದಕ್ಕಿಂತ ದೊಡ್ಡದಾದರೆ ಲೈಸೆನ್ಸ್, ಆರ್‌ಸಿ, ವಿಮೆ, ಹಸಿರು ನಂಬರ್ ಪ್ಲೇಟ್ ಎಲ್ಲವೂ ಕಡ್ಡಾಯ. ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರಿನ ವೇಗಮಿತಿಯ ವೈರ್ ಕತ್ತರಿಸಿ 40ಕ್ಕೆ ಏರಿಸಿಕೊಡುವವರಿದ್ದಾರೆ. ದಯವಿಟ್ಟು ಬೇಡ. ಆ ಕ್ಷಣಕ್ಕೆ ವಿನಾಯಿತಿ ಹೋಗುತ್ತದೆ, ಲೈಸೆನ್ಸ್ ಇಲ್ಲದ್ದಕ್ಕೇ 5,000 ರೂಪಾಯಿ ದಂಡ. 25ರ ವೇಗಕ್ಕೆಂದು ಮಾಡಿದ ಬ್ರೇಕೂ ಸಾಲದು. ಅಪಘಾತವಾದರೆ ವಿಮೆಯಿಲ್ಲದೆ ಪರಿಹಾರವೆಲ್ಲ ನಿಮ್ಮ ತಲೆಗೇ.

ಸಣ್ಣ ಗಾಡಿಯಾದರೂ ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ. ಮಳೆಗಾಲದಲ್ಲಿ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಆಕ್ಸಿಲರೇಟರ್ ತಿರುವಬೇಡಿ. ಮೋಟಾರು ಎಳೆತ ಒಮ್ಮೆಲೇ ಕೊಡುವುದರಿಂದ ಹಿಂದಿನ ಚಕ್ರ ಜಾರುತ್ತದೆ. ಹೌಸಿಂಗ್ ಸೊಸೈಟಿಯ ಮೆಟ್ಟಿಲ ಬುಡದಲ್ಲಿ ಚಾರ್ಜ್‌ಗೆ ಹಾಕಲೇಬೇಡಿ. ಬೆಂಕಿ ಹತ್ತಿದರೆ ಮೇಲಿನವರು ಇಳಿದು ಬರುವ ದಾರಿಯೇ ಹೊಗೆಯಿಂದ ಮುಚ್ಚಿಹೋಗುತ್ತದೆ.