ಕಾಯಿಲೆಗೂ ಊರು ಅಂತ ಇರುತ್ತಾ?

ಪತ್ರ: "ನಮ್ಮಣ್ಣನ ಮಗನಿಗೆ 9 ವರ್ಷ. ತಲೆಗೆ ನೀರು ಹಾಕಿದ ದಿನ ಮಾತ್ರ ಫಿಟ್ಸ್ ಬರುತ್ತದೆ. ಅತ್ತಿಗೆಯ ತವರಿನ ದೋಷ ಅಂತ ಅಜ್ಜಿ ಹೇಳುತ್ತಾರೆ. ಡಾಕ್ಟರು, 'ಇದು ನಿಮ್ಮ ಕಡೆ ಜಾಸ್ತಿ' ಅಂದರು. ಕಾಯಿಲೆಗೂ ಊರು ಅಂತ ಇರುತ್ತಾ?" – ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಇರುತ್ತದೆ. ನೀವು ಬರೆದದ್ದು ನೋಡಿದರೆ ಇದು ಬಿಸಿನೀರಿನ ಮೂರ್ಛೆ, ಅಂದರೆ ತಲೆಗೆ ಬಿಸಿನೀರು ಬಿದ್ದಾಗ ಬರುವ ಫಿಟ್ಸ್, ಅನ್ನಿಸುತ್ತದೆ. 1945ರಲ್ಲಿ ಮೊದಲು ವರದಿಯಾದದ್ದು ನ್ಯೂಜಿಲೆಂಡಿನ ಒಬ್ಬ ಹುಡುಗನಲ್ಲಿ. ಆಮೇಲೆ ಇದು ರಾಶಿರಾಶಿಯಾಗಿ ಕಂಡದ್ದು ನಮ್ಮಲ್ಲಿ, ಅದರಲ್ಲೂ ಹಳೇ ಮೈಸೂರು ಕಡೆ. ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ಅಭ್ಯಾಸ ಮಾಡಿದ್ದಾರೆ.

ನಮ್ಮ ಬಚ್ಚಲುಮನೆಯನ್ನೇ ನೆನಪಿಸಿಕೊಳ್ಳಿ. ಹಂಡೆಯಲ್ಲಿ ನೀರು ಹಬೆಯಾಡುತ್ತಿರುತ್ತದೆ. ಎಣ್ಣೆ ಹಚ್ಚಿದ ಮಗುವನ್ನು ಮಣೆ ಮೇಲೆ ಕೂರಿಸುತ್ತೇವೆ. ಚೊಂಬಿನ ಮೇಲೆ ಚೊಂಬು, ಉಸಿರಾಡಲೂ ಬಿಡದೆ ನೆತ್ತಿಗೆ ಸುರಿಯುತ್ತೇವೆ. 40–50 ಡಿಗ್ರಿ ನೀರು! ಕೆಲವರ ಕಣ್ಣು ಮಂಕಾಗುತ್ತದೆ, ಮಾತು ತಡವರಿಸುತ್ತದೆ. ಕೆಲವರಂತೂ ಬೇಡವೆಂದರೂ ನಿಲ್ಲಿಸದೆ ಇನ್ನೂ ಸುರಿದುಕೊಳ್ಳುತ್ತಾರೆ. ಅದು ಹಟವಲ್ಲ, ಫಿಟ್ಸ್ ಆಗಲೇ ಶುರುವಾಗಿರುತ್ತದೆ. ತಲೆಗೆ ಬಿಸಿನೀರು ಸುರಿಯುವ ಟರ್ಕಿಯಲ್ಲೂ ಈ ಕಾಯಿಲೆ ಇದೆ. ಜಪಾನಿನಲ್ಲಿ ಬಿಸಿನೀರಿನ ತೊಟ್ಟಿಗೆ ಇಳಿಸಿದ ಹಸುಗೂಸುಗಳಲ್ಲಿ ಕಂಡಿದೆ.

ಆದರೆ ಹಂಡೆ ನೀರು ಮನೆಮಂದಿಗೆಲ್ಲ ಒಂದೇ, ಅಲ್ವಾ? ಫಿಟ್ಸ್ ಒಬ್ಬನಿಗೇ ಯಾಕೆ? ಕೆಲವು ಮನೆಗಳಲ್ಲಿ ಇಬ್ಬರು ಮೂವರಿಗೆ ಬಂದದ್ದಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಅಂಥ ಕುಟುಂಬಗಳನ್ನು ಪರೀಕ್ಷಿಸಿ, ಅಪ್ಪ-ಅಮ್ಮನಿಂದ ಬರುವ ಜೀನುಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮುಗಳ ಪೈಕಿ 4 ಮತ್ತು 10ನೆಯದರಲ್ಲಿ ಇದರ ಜಾಡು ಹಿಡಿದಿದ್ದಾರೆ. ಅಂದರೆ ಹುಟ್ಟಿನಿಂದ ಬಂದದ್ದೂ ಇದೆ, ಚೊಂಬಿನಿಂದ ಬಂದದ್ದೂ ಇದೆ.

ರಕ್ತದ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ. ಪಾಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಕುರು ಎಂಬ ಮಿದುಳಿನ ಕಾಯಿಲೆ ಇತ್ತು. ಮೈ ನಡುಗಿ, ನಡಿಗೆ ತಪ್ಪಿ ಸಾಯುತ್ತಿದ್ದರು, ಹೆಂಗಸರು ಮಕ್ಕಳೇ ಜಾಸ್ತಿ. 1950ರ ದಶಕದಲ್ಲಿ ವಿಜ್ಞಾನಿಗಳೂ ಇದನ್ನು ವಂಶದ ಕಾಯಿಲೆ ಅಂದುಕೊಂಡಿದ್ದರು. ಕಾರಣ ಬೇರೆಯೇ ಇತ್ತು: ಸತ್ತ ನೆಂಟರ ದೇಹವನ್ನು, ಮಿದುಳನ್ನೂ ಸೇರಿಸಿ, ತಿನ್ನುವ ಅಂತ್ಯಕ್ರಿಯೆ. ಆ ಪದ್ಧತಿ ನಿಂತ ಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ.

ದಯವಿಟ್ಟು ಇದನ್ನು ಅಜ್ಜಿಗೆ ಓದಿ ಹೇಳಿ. ನಿಮ್ಮ ಅತ್ತಿಗೆ ಯಾವ ದೋಷವನ್ನೂ ತಂದಿಲ್ಲ. ಹುಡುಗನನ್ನು ನರರೋಗ ತಜ್ಞರಿಗೆ ತೋರಿಸಿ. ತಲೆಸ್ನಾನಕ್ಕೆ ಮೊದಲು ನುಂಗುವ ಮಾತ್ರೆಯನ್ನು ಅವರು ಬರೆದುಕೊಡಬಹುದು. ನೀರು ಉಗುರುಬೆಚ್ಚಗಿರಲಿ, ನೆತ್ತಿಗೆ ಒಮ್ಮೆಲೇ ಸುರಿಯಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಕೈಗೆ ಬೀಗದ ಕೈ ತುರುಕುವುದು ಬೇಡ. ಅವನು ಒಳಗಿದ್ದಾಗ ಬಚ್ಚಲಿನ ಚಿಲಕ ಹಾಕದಿರಲಿ.