ವಿಜ್ಞಾನ ಪ್ರಶ್ನೋತ್ತರ: ವಿದ್ಯುತ್ ವಿಭವಕ್ಕೆ ಬಗ್ಗುವ ಲೋಹದ ಬಣ್ಣ

ಪ್ರಶ್ನೆ: ಚಿನ್ನದ ನ್ಯಾನೊಕಣಗಳು ನೀರಿನಲ್ಲಿ ಕೆಂಪಾಗಿ ಕಾಣುತ್ತವೆ ಎಂದು ಓದಿದ್ದೇನೆ. ಕಣದ ಗಾತ್ರವನ್ನಾಗಲಿ ಆಕಾರವನ್ನಾಗಲಿ ಮುಟ್ಟದೆ, ವಿದ್ಯುತ್ ವಿಭವವನ್ನಷ್ಟೇ ಏರಿಳಿಸಿ ಈ ಬಣ್ಣವನ್ನು ಬದಲಿಸಲು ಸಾಧ್ಯವೆ?

ಉತ್ತರ: ಸಾಧ್ಯ, ಆದರೆ ಎಷ್ಟರಮಟ್ಟಿಗೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಲೋಹದೊಳಗೆ ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುವ ಎಲೆಕ್ಟ್ರಾನುಗಳು ಬೆಳಕಿನ ಅಲೆಗೆ ಸಿಕ್ಕಾಗ ಒಟ್ಟಾಗಿ ಅತ್ತಿತ್ತ ತೂಗಾಡುತ್ತವೆ. ಈ ತೂಗಾಟದ ಸಹಜ ಆವರ್ತನಕ್ಕೆ ಬೆಳಕಿನ ಆವರ್ತನ ಹೊಂದಿಕೊಂಡಾಗ ಕಣವು ಆ ಬೆಳಕನ್ನು ವಿಶೇಷವಾಗಿ ಹೀರುತ್ತದೆ. ಇದೇ ಪ್ಲಾಸ್ಮಾನ್ ಅನುರಣನ. 20 ನ್ಯಾನೊಮೀಟರ್ ವ್ಯಾಸದ ಚಿನ್ನದ ಗೋಳವು ನೀರಿನಲ್ಲಿ ಸುಮಾರು 520 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕನ್ನು ನುಂಗುವುದರಿಂದ ದ್ರಾವಣ ಮಾಣಿಕ್ಯದಂತೆ ಕೆಂಪಾಗುತ್ತದೆ. ಈ ಕೆಂಪಿನ ಹಿಂದೆ ಚಿನ್ನದ ಅತಿ ಸೂಕ್ಷ್ಮ ಕಣಗಳಿವೆ ಎಂಬುದನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ಮನಗಂಡಿದ್ದರು. ಅದಕ್ಕೆ ಗಣಿತದ ವಿವರಣೆ ಸಿಕ್ಕಿದ್ದು 1908ರಲ್ಲಿ, ಗುಸ್ತಾವ್ ಮೀ ಅವರಿಂದ.

ಎಲೆಕ್ಟ್ರಾನುಗಳ ತೂಗಾಟದ ಆವರ್ತನವು ಅವುಗಳ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಕಣಗಳನ್ನು ಪಾರದರ್ಶಕ ವಿದ್ಯುದ್ವಾರದ ಮೇಲೆ ಕೂರಿಸಿ, ಅಯಾನುಗಳಿರುವ ದ್ರಾವಣದಲ್ಲಿ ಮುಳುಗಿಸಿ ಋಣ ವಿಭವ ಕೊಟ್ಟರೆ ಎಲೆಕ್ಟ್ರಾನುಗಳು ಒಳಸೇರಿ ಹೀರಿಕೆಯ ಶಿಖರ (ಕಣವು ಅತಿ ಹೆಚ್ಚು ಹೀರುವ ತರಂಗಾಂತರ) ನೀಲಿಯ ಕಡೆಗೂ, ಧನ ವಿಭವ ಕೊಟ್ಟರೆ ಅವು ಹೊರಹೋಗಿ ಕೆಂಪಿನ ಕಡೆಗೂ ಸರಿಯುತ್ತದೆ. ಆದರೆ ಮೇಲೆ ಹೇಳಿದ ಗೋಳದಲ್ಲಿ ಈಗಾಗಲೇ ಎರಡೂವರೆ ಲಕ್ಷದಷ್ಟು ಸ್ವತಂತ್ರ ಎಲೆಕ್ಟ್ರಾನುಗಳಿವೆ. ಮೇಲ್ಮೈಯ ಧಾರಕತೆಯನ್ನು, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯವನ್ನು, ಚದರ ಸೆಂಟಿಮೀಟರಿಗೆ 20 ಮೈಕ್ರೊಫ್ಯಾರಡ್ ಎಂದು ಇಟ್ಟುಕೊಂಡರೆ, ಒಂದು ವೋಲ್ಟ್ ಬದಲಾವಣೆಗೆ ಒಳಬರುವವು ಸುಮಾರು 1,600 ಮಾತ್ರ. ತುಂಬಿದ ಜಾತ್ರೆಗೆ ಇನ್ನೊಂದಿಷ್ಟು ಜನ ಬಂದಂತೆ! ಸಾಂದ್ರತೆ ಶೇ. 0.6ರಷ್ಟು ಹೆಚ್ಚಿದರೆ ಶಿಖರ ಜರುಗುವುದು ಅದರ ಅರ್ಧದಷ್ಟು, ಅಂದರೆ ಸುಮಾರು ಒಂದೂವರೆ ನ್ಯಾನೊಮೀಟರ್. ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ರೋಹಿತಮಾಪಕ ಇದನ್ನು ಸುಲಭವಾಗಿ ಗುರುತಿಸುತ್ತದೆ, ಕಣ್ಣು ಗುರುತಿಸುವುದಿಲ್ಲ.

ಪ್ರಶ್ನೆ: ಹಾಗಾದರೆ ಬರಿಗಣ್ಣಿಗೆ ಕಾಣುವಂಥ ಬದಲಾವಣೆ ತರುವುದು ಹೇಗೆ?

ಉತ್ತರ: ವಿದ್ಯುದಾವೇಶ ತುಂಬುವುದನ್ನು ಬಿಟ್ಟು ರಾಸಾಯನಿಕ ಕ್ರಿಯೆಯ ಮೊರೆಹೋಗಬೇಕು. ಬೆಳ್ಳಿಯ ಕಣವನ್ನು ಕ್ಲೋರೈಡ್ ದ್ರಾವಣದಲ್ಲಿ ಉತ್ಕರ್ಷಿಸಿದಾಗ, ಅಂದರೆ ಅದರಿಂದ ಎಲೆಕ್ಟ್ರಾನುಗಳನ್ನು ಕಸಿದಾಗ, ಅದರ ಸುತ್ತ ಸಿಲ್ವರ್ ಕ್ಲೋರೈಡಿನ ಚಿಪ್ಪು ಕಟ್ಟುತ್ತದೆ. ಸುತ್ತಲಿನ ವಸ್ತುವಿನ ವಕ್ರೀಭವನಾಂಕ (ಬೆಳಕನ್ನು ಬಗ್ಗಿಸುವ ಗುಣದ ಅಳತೆ) ಹೆಚ್ಚಿದಷ್ಟೂ ಶಿಖರ ಕೆಂಪಿನತ್ತ ಹೋಗುತ್ತದೆ; ನೀರಿನದು 1.33 ಇದ್ದರೆ ಈ ಲವಣದ್ದು 2ಕ್ಕೂ ಹೆಚ್ಚು. ಆದ್ದರಿಂದ ಶಿಖರ ಕೆಂಪಿನತ್ತ ಗಣನೀಯವಾಗಿ ಸರಿಯುವುದಲ್ಲದೆ, ಲೋಹ ಕರಗುತ್ತಾ ಹೋದಂತೆ ಕುಗ್ಗಲೂ ತೊಡಗುತ್ತದೆ. ವಿಭವವನ್ನು ಹಿಮ್ಮುಖಗೊಳಿಸಿದರೆ ಚಿಪ್ಪು ಮತ್ತೆ ಬೆಳ್ಳಿಯಾಗುತ್ತದೆ. ಚಿನ್ನದ ಕಡ್ಡಿಗಳ ಮೇಲೆ ಬೆಳ್ಳಿಯ ತೆಳು ಪದರವನ್ನು ಲೇಪಿಸಿ ತೆಗೆಯುವುದು ಇನ್ನೊಂದು ದಾರಿ. ಪಾಲಿಅನಿಲೀನ್‌ನಂಥ, ಉತ್ಕರ್ಷಣ ಸ್ಥಿತಿಗೆ ತಕ್ಕಂತೆ ತಾನೇ ಬಣ್ಣ ಬದಲಿಸುವ ಪಾಲಿಮರನ್ನು ಕಣಕ್ಕೆ ಹೊದಿಸುವುದು ಮತ್ತೊಂದು. ಇವುಗಳಲ್ಲಿ ಶಿಖರ ಹತ್ತಾರು ನ್ಯಾನೊಮೀಟರ್ ಸರಿಯಬಲ್ಲದು.

ಇದಕ್ಕೆ ಬೆಲೆಯೂ ಇದೆ. ಕರಗಿ ಮರಳಿ ಕೂತ ಲೋಹ ಮೊದಲಿದ್ದ ಜಾಗದಲ್ಲೇ, ಮೊದಲಿನ ಆಕಾರದಲ್ಲೇ ಕೂರುವುದೆಂಬ ಭರವಸೆಯಿಲ್ಲ. ಚೂಪಾದ ಮೂಲೆಗಳು ಸವೆದು ದುಂಡಗಾಗುತ್ತವೆ, ಈ ಕ್ರಿಯೆ ಮತ್ತೆ ಮತ್ತೆ ನಡೆದಂತೆ ಮೊದಲಿನ ಮತ್ತು ಬದಲಾದ ಬಣ್ಣಗಳೆರಡೂ ಮಸುಕಾಗುತ್ತವೆ. ನನ್ನ ದೃಷ್ಟಿಯಲ್ಲಿ ಈ ವಿಧಾನಗಳನ್ನು ಅಳೆಯಬೇಕಾದ ಮುಖ್ಯ ಗುಣ ಶಿಖರ ಎಷ್ಟು ಸರಿಯುತ್ತದೆ ಎಂಬುದಲ್ಲ, ಬಣ್ಣ ಎಷ್ಟು ಬಾರಿ ಯಥಾಸ್ಥಿತಿಗೆ ಮರಳುತ್ತದೆ ಎಂಬುದು.

ಪ್ರಶ್ನೆ: ಕಿಟಕಿಯ ಗಾಜುಗಳಲ್ಲಿ ಇದನ್ನು ಬಳಸುತ್ತಾರೆಯೆ?

ಉತ್ತರ: ಕಿಟಕಿಗೆಂದು ಸಂಶೋಧಕರು ಒಲಿದಿರುವುದು ಚಿನ್ನ ಬೆಳ್ಳಿಗಳಿಗಲ್ಲ, ತವರ ಬೆರೆಸಿದ ಇಂಡಿಯಂ ಆಕ್ಸೈಡಿನಂಥ ನ್ಯಾನೊಸ್ಫಟಿಕಗಳಿಗೆ. ಇವುಗಳ ಎಲೆಕ್ಟ್ರಾನ್ ಸಾಂದ್ರತೆ ಲೋಹದ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುವುದರಿಂದ, ಅಷ್ಟೇ ಆವೇಶ ಇಲ್ಲಿ ಶಿಖರವನ್ನು ನೂರಾರು ನ್ಯಾನೊಮೀಟರ್ ಸರಿಸಬಲ್ಲದು. ಅನುರಣನವೂ ಕಣ್ಣಿಗೆ ಕಾಣದ ಅವಕೆಂಪು ವಲಯದಲ್ಲಿರುತ್ತದೆ. ಹೀಗಾಗಿ ಗಾಜಿನ ಮೂಲಕ ಬೆಳಕು ಎಂದಿನಂತೆ ಬರುತ್ತಿರುವಾಗಲೇ, ಬಿಸಿಲಿನ ಶಾಖದಲ್ಲಿ ಎಷ್ಟನ್ನು ಒಳಬಿಡಬೇಕೆಂಬುದನ್ನು ವಿಭವದಿಂದ ನಿಯಂತ್ರಿಸಬಹುದು.